ಟುಪೊಲೆವ್ ಇನ್ನೂ ಹಾರಬಹುದಿತ್ತಲ್ಲ, ಯಾಕೆ ನಿಲ್ಲಿಸಿದರು?

ಪ್ರಶ್ನೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿಟ್ಟಿರುವ ನೌಕಾಪಡೆಯ ಟುಪೊಲೆವ್ ಗಸ್ತು ವಿಮಾನ ನೋಡಿಕೊಂಡು ಬಂದೆವು. ಹತ್ತನೇ ತರಗತಿಯಲ್ಲಿರುವ ನನ್ನ ಮಗಳಿಗೆ ವಿಮಾನವೆಂದರೆ ಪ್ರಾಣ. 29 ವರ್ಷ ಒಂದೂ ಅಪಘಾತವಿಲ್ಲದೆ ಹಾರಿದ್ದನ್ನು 2017ರಲ್ಲಿ ನಿಲ್ಲಿಸಿಬಿಟ್ಟಿದ್ದು ಯಾಕೆ ಎಂದು ಕೇಳುತ್ತಲೇ ಇದ್ದಾಳೆ. ರಷ್ಯಾ ಈಗಲೂ ಇದನ್ನೇ ಹಾರಿಸುತ್ತಿದೆ. ನಮ್ಮದೇ ನೌಕಾಪಡೆಯ ಐಎಲ್-38 ಗಸ್ತು ವಿಮಾನಗಳು 46 ವರ್ಷ ನಡೆದವು. ಎಂಜಿನ್ ಬದಲಿಸಿ, ಒಳಗಿನ ಉಪಕರಣ ಹೊಸದು ಹಾಕಿದ್ದರೆ ಆಗುತ್ತಿರಲಿಲ್ಲವೇ? ಟುಪೊಲೆವ್ ಜಾಗಕ್ಕೆ ಬಂದ ಪಿ-8ಐ ಪ್ರಯಾಣಿಕರ ಬೋಯಿಂಗ್ ಅಂತೆ, ಎರಡೇ ಎಂಜಿನ್. ನಡುಗಡಲಲ್ಲಿ ಒಂದು ಕೈಕೊಟ್ಟರೆ ಏನು ಗತಿ? ಇನ್ನು ನನ್ನದೊಂದು ಚಿಂತೆ. ಕಬ್ಬಿಣದ ಗೇಟು ನಾಲ್ಕು ಮಳೆಗಾಲಕ್ಕೆ ತೂತು ಬೀಳುವ ಊರು ನಮ್ಮದು. ಈ ವಿಮಾನ ಅಲ್ಲಿ ಎಷ್ಟು ವರ್ಷ ಉಳಿದೀತು?
— ಓದುಗರು, ಅಂಕೋಲಾ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಳ್ಳೆಯ ವಿಮಾನವನ್ನು ಹೊತ್ತಿಗೆ ಮುಂಚೆ ಮನೆಗೆ ಕಳಿಸಿದರೇ ಎಂಬುದು ಒಂದು, ಮನೆಗೆ ಬಂದದ್ದು ಉಪ್ಪುಗಾಳಿಗೆ ಕರಗಿಹೋಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಎರಡನೆಯದರಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ಅದಕ್ಕೆ ಉಪಾಯವೂ ಇದೆ.

ವಿಮಾನ ಹಾರಲಾರದಷ್ಟು ಹಳತಾಗಿತ್ತು ಎಂದು ಹಲವರು ಅಂದುಕೊಂಡಿದ್ದಾರೆ. ಅದು ತಪ್ಪು. 1988ರ ಮಾರ್ಚ್ ಕೊನೆಯಲ್ಲಿ ಗೋವಾದ ದಾಬೋಲಿಗೆ ಬಂದಿಳಿದ ಈ ಟುಪೊಲೆವ್‌ಗಳು, ಅಂದರೆ ಜಲಾಂತರ್ಗಾಮಿ ಹುಡುಕುವ ಟಿಯು-142ಎಂ ವಿಮಾನಗಳು, 1992ರಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿ ನೆಲೆಗೆ ಹೋದವು. 2017ರ ಮಾರ್ಚ್ 29ರಂದು ಅಲ್ಲೇ ನಿವೃತ್ತವಾದವು. ಮರು ತಿಂಗಳು ಅವುಗಳಲ್ಲೊಂದು ತನ್ನದೇ ಎಂಜಿನ್‌ಗಳ ಬಲದಲ್ಲಿ ವಿಶಾಖಪಟ್ಟಣಕ್ಕೆ ಹಾರಿಹೋಗಿ, ಅಲ್ಲಿನ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಯಿತು. ಅಂದರೆ ನೌಕಾಪಡೆ ನಿಲ್ಲಿಸಿದ್ದು ಹಾರಬಲ್ಲ ವಿಮಾನವನ್ನೇ.

ಹಾರಬಲ್ಲ ವಿಮಾನವನ್ನು ಯಾಕೆ ನಿಲ್ಲಿಸುತ್ತಾರೆ? ಇದಕ್ಕೆ ಉತ್ತರ ಬೇಕಾದರೆ ವಿಮಾನದ ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ತಿಳಿಯಬೇಕು. ಕಾರಿಗೆ ಕಿಲೋಮೀಟರ್ ಒಂದೇ ಮೀಟರ್. ವಿಮಾನಕ್ಕೆ ಮೂರು: ಹಾರಿದ ಗಂಟೆ, ಇಳಿದ ಸಲ, ಕ್ಯಾಲೆಂಡರಿನ ವರ್ಷ. ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ), ಇಲ್ಲವೇ ವಿದಾಯ. ನಮ್ಮ ಎಂಟು ಟುಪೊಲೆವ್‌ಗಳು ಒಟ್ಟು ಸೇರಿ 29 ವರ್ಷದಲ್ಲಿ ಹಾರಿದ್ದು ಸುಮಾರು 30,000 ಗಂಟೆ. ಎಂಟರಿಂದ ಭಾಗಿಸಿದರೆ ಒಂದೊಂದಕ್ಕೆ ಸರಾಸರಿ 3,750 ಗಂಟೆ, ವರ್ಷಕ್ಕೆ 130ರ ಆಸುಪಾಸು. ಬೆಂಗಳೂರು–ದೆಹಲಿ ಓಡಾಡುವ ಪ್ರಯಾಣಿಕ ವಿಮಾನ ಅಷ್ಟು ಗಂಟೆಗಳನ್ನು ಒಂದೂವರೆ ವರ್ಷದೊಳಗೆ ಮುಗಿಸಿಬಿಡುತ್ತದೆ. ಹಾಗಾಗಿ ಟುಪೊಲೆವ್ ಹಾರಿ ಹಾರಿ ಸವೆದ ವಿಮಾನವಲ್ಲ. ಅದಕ್ಕೆ ವಯಸ್ಸಾದದ್ದು ಕ್ಯಾಲೆಂಡರಿನಿಂದ. ಮಗಳಿಗೆ ಮೊದಲು ಇದನ್ನು ಹೇಳಿ.

ಕ್ಯಾಲೆಂಡರ್ ಏನು ಮಾಡುತ್ತದೆ? ರಬ್ಬರನ್ನು ಗಟ್ಟಿ ಮಾಡುತ್ತದೆ. ರೆಕ್ಕೆಯೊಳಗಿನ ಇಂಧನ ತೊಟ್ಟಿಗಳ ಸೀಲಂಟ್ ಒಣಗಿ ಸಣ್ಣಗೆ ಸೋರತೊಡಗುತ್ತದೆ. ಹೈಡ್ರಾಲಿಕ್ ಹೋಸ್‌ಗಳ ಬಾಯಿಯಲ್ಲಿ ಜಿನುಗು ಶುರುವಾಗುತ್ತದೆ. ತಂತಿಗಳ ಹೊದಿಕೆ ಬಿರಿದು, ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಂಡು ಬಿಸಿಲಿಗೆ ಮಾಯವಾಗುವ ದೋಷಗಳು ಬರುತ್ತವೆ. ಹ್ಯಾಂಗರ್‌ನಲ್ಲಿ ಎಲ್ಲರನ್ನೂ ಹೆಚ್ಚು ಕಾಡುವುದು ಇವೇ. ಹುಡುಕಲು ಮೂರು ದಿನ, ಸರಿಪಡಿಸಲು ಅರ್ಧ ಗಂಟೆ. ಇದರ ಜೊತೆಗೆ ಕೆಲಸದ ಸ್ವಭಾವ. ಕಡಲಗಸ್ತಿನ ವಿಮಾನ ಜಲಾಂತರ್ಗಾಮಿಯ ಜಾಡು ಹಿಡಿದಾಗ ಕೆಳಗಿಳಿದು, ಮತ್ತೆ ಮತ್ತೆ ವಾಲಿ ತಿರುಗುತ್ತ ಸುತ್ತು ಹಾಕಬೇಕು. ಕಡಲ ಮೇಲಿನ ತಗ್ಗಿನ ಗಾಳಿಯಲ್ಲಿ ಕುಲುಕಾಟ ಜಾಸ್ತಿ, ಪ್ರತಿ ತಿರುವಿನಲ್ಲೂ ರೆಕ್ಕೆಯ ಬುಡ ಬಾಗಿ ನಿಮಿರುತ್ತದೆ. ಸಾಲದ್ದಕ್ಕೆ ಉಪ್ಪಿನ ಹನಿ ಎಂಜಿನ್ ಒಳಗೆ ಸೇರಿ, ಗಾಳಿಯನ್ನು ಒತ್ತುವ ಕಂಪ್ರೆಸರ್ ಅಲಗುಗಳ ಮೇಲೆ ಪದರ ಕಟ್ಟುತ್ತದೆ. ಹಾಗಾಗಿ ತಗ್ಗಿನಲ್ಲಿ ಹಾರಿ ಬಂದ ವಿಮಾನಕ್ಕೆ ಸಿಹಿನೀರಿನ ಸ್ನಾನ ತಪ್ಪದು, ಎಂಜಿನ್ ಒಳಕ್ಕೂ ನೀರು ಹಾಯಿಸಿ ತೊಳೆಯಬೇಕು.

ಇದೆಲ್ಲ ಮಾಡಿಕೊಂಡೇ 29 ವರ್ಷ ಅಪಘಾತವಿಲ್ಲದೆ ನಡೆಸಿದರು. ಆದರೆ "ಅಪಘಾತವಾಗಿಲ್ಲ, ಆದ್ದರಿಂದ ಇನ್ನೂ ಹಾರಿಸಬಹುದಿತ್ತು" ಎನ್ನುವುದು ತಲೆಕೆಳಗಾದ ತರ್ಕ. ಅಪಘಾತವಾಗದಿರಲು ಕಾರಣ, ಭಾಗದ ಆಯುಷ್ಯ ಮುಗಿದಾಗ ಅದನ್ನು ಕಿತ್ತು ಹೊಸದು ಹಾಕಿದ್ದು. ಹೊಸದು ಸಿಗದ ದಿನ ಬಂದರೆ ಆ ದಾಖಲೆಯನ್ನು ಕಾಪಾಡಲು ಉಳಿಯುವ ದಾರಿ ನೆಲದಲ್ಲಿ ನಿಲ್ಲಿಸುವುದೊಂದೇ.

ಇಲ್ಲಿಗೆ ಎಂಜಿನ್ ವಿಷಯ ಬರುತ್ತದೆ. ನೀವು ಕಾರವಾರದಲ್ಲಿ ಪ್ರೊಪೆಲ್ಲರ್‌ಗಳನ್ನು ಎಣಿಸಿದಿರೋ ಇಲ್ಲವೋ. ಒಂದೊಂದು ಎಂಜಿನ್‌ಗೆ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ಎರಡೂ ಎದುರು ಬದುರು ದಿಕ್ಕಿಗೆ ತಿರುಗುತ್ತವೆ. ಒಂದಕ್ಕೆ ನಾಲ್ಕು ಅಲಗು, ಹೀಗೆ ನಾಲ್ಕು ಎಂಜಿನ್‌ಗೆ 32 ಅಲಗು. ವ್ಯಾಸ 5.6 ಮೀಟರ್, ಅಂದರೆ ಹೆಚ್ಚುಕಡಿಮೆ ಎರಡಂತಸ್ತಿನ ಮನೆಯ ಎತ್ತರ. ವಿಮಾನ ಅಷ್ಟು ಉದ್ದ ಕಾಲುಗಳ ಮೇಲೆ ನಿಂತಿರುವುದೇ ಈ ಅಲಗುಗಳ ತುದಿ ನೆಲಕ್ಕೆ ತಾಗಬಾರದೆಂದು. ಹಿಂದಿರುವ ಎನ್‌ಕೆ-12 ಎಂಜಿನ್ ಒಂದೊಂದೂ 15,000 ಅಶ್ವಶಕ್ತಿಯ ಹತ್ತಿರದ್ದು. ಇವತ್ತಿಗೂ ಸೇವೆಯಲ್ಲಿರುವ ಟರ್ಬೋಪ್ರಾಪ್‌ಗಳಲ್ಲಿ, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್‌ಗಳಲ್ಲಿ, ಇಷ್ಟು ಬಲದ್ದು ಬೇರೆ ಇಲ್ಲ. ಏರ್‌ಬಸ್ ಎ400ಎಂ ಸರಕು ವಿಮಾನದ ಎಂಜಿನ್ ಕೂಡ 11,000ದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಆದ್ದರಿಂದ "ಎಂಜಿನ್ ಬದಲಿಸಿ" ಎಂದರೆ ಅಂಗಡಿಯಲ್ಲಿ ಬದಲಿ ಇಲ್ಲ. ಕಡಿಮೆ ಬಲದ್ದು ಹಾಕಿದರೆ 185 ಟನ್ ತೂಕದಲ್ಲಿ ಮೇಲೇಳುವಾಗ ಒಂದು ಎಂಜಿನ್ ನಿಂತರೆ ಉಳಿದ ಮೂರು ಸಾಕಾಗುತ್ತವೆಯೇ ಎಂಬುದನ್ನು ಮೊದಲಿಂದ ಲೆಕ್ಕ ಹಾಕಬೇಕು. ಎಂಜಿನ್‌ನ ತೂಕ ಬದಲಾದರೆ ರೆಕ್ಕೆಯ ಕಂಪನದ ಗುಣವೂ ಬದಲಾಗುತ್ತದೆ. ಪ್ರೊಪೆಲ್ಲರ್, ಗೇರ್‌ಬಾಕ್ಸ್, ಇಂಧನ ನಿಯಂತ್ರಣ, ಬೆಂಕಿ ನಂದಿಸುವ ವ್ಯವಸ್ಥೆ ಎಲ್ಲವನ್ನೂ ಹೊಸದಾಗಿ ಹೊಂದಿಸಿ, ವರ್ಷಗಟ್ಟಲೆ ಪರೀಕ್ಷಾ ಹಾರಾಟ ನಡೆಸಬೇಕು. ಎಂಟೇ ವಿಮಾನಕ್ಕಾಗಿ ಯಾವ ಕಂಪನಿಯೂ ಇಷ್ಟಕ್ಕೆ ಕೈ ಹಾಕುವುದಿಲ್ಲ. ಹಾಕಿದರೂ ಆ ಖರ್ಚಿಗೆ ಹೊಸ ವಿಮಾನ ಬರುತ್ತದೆ.

ರಷ್ಯಾ ಹೇಗೆ ಹಾರಿಸುತ್ತಿದೆ? ಅಲ್ಲಿ ಇದೇ ಎಂಜಿನ್, ಇದೇ ಮೈಕಟ್ಟಿನ ಟಿಯು-95 ಬಾಂಬರ್‌ಗಳ ದೊಡ್ಡ ಸಮೂಹವಿದೆ. ಒಂದಕ್ಕೆ ಮಾಡಿದ ಬಿಡಿಭಾಗ ಇನ್ನೊಂದಕ್ಕೂ ಆಗುತ್ತದೆ, ಕಾರ್ಖಾನೆಗೆ ಕೆಲಸವಿರುತ್ತದೆ. ಟಿಯು-142 ಹೊರದೇಶಕ್ಕೆ ಮಾರಾಟವಾದದ್ದು ಭಾರತಕ್ಕೆ ಮಾತ್ರ. ನಮ್ಮಲ್ಲಿ ಎನ್‌ಕೆ-12 ಇದ್ದದ್ದು ಈ ಎಂಟು ವಿಮಾನಗಳಲ್ಲಿ ಮಾತ್ರ. ದೊಡ್ಡ ಓವರ್‌ಹಾಲ್‌ಗೆ ರಷ್ಯಾದ ಟಗನ್ರೋಗ್‌ಗೆ ಹಾರಿಹೋಗಬೇಕಿತ್ತು. ಅದರ ನಡುವೆ 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಒಂದೇ ದೇಶದಲ್ಲಿದ್ದ ಬಿಡಿಭಾಗದ ಕಾರ್ಖಾನೆಗಳು ಬೇರೆ ಬೇರೆ ದೇಶಗಳ ಪಾಲಾದವು.

ಐಎಲ್-38 ಹೋಲಿಕೆ ತುಂಬ ಒಳ್ಳೆಯ ಪ್ರಶ್ನೆ. 1977ರಲ್ಲಿ ಬಂದು 2023ರ ಅಕ್ಟೋಬರ್ 31ರಂದು ಗೋವಾದಲ್ಲಿ ನಿವೃತ್ತವಾದ ಆ ವಿಮಾನ ಟುಪೊಲೆವ್‌ಗಿಂತ 17 ವರ್ಷ ಹೆಚ್ಚು ಸೇವೆ ಮಾಡಿತು. ಮುಖ್ಯವಾಗಿ ಎರಡು ಕಾರಣ ಕಾಣುತ್ತವೆ. ಅದರ ಎಐ-20 ಎಂಜಿನ್‌ನ ಕುಟುಂಬದ್ದೇ ನಮ್ಮ ವಾಯುಪಡೆಯ ಎಎನ್-32 ವಿಮಾನಗಳಲ್ಲೂ ಇದೆ. ಹಾಗಾಗಿ ಆ ಎಂಜಿನ್ ಬಲ್ಲ ಕೈಗಳು ದೇಶದೊಳಗೇ ಇದ್ದವು. ಎರಡನೆಯದು, 2000ದ ದಶಕದಲ್ಲಿ ಅದಕ್ಕೆ 'ಸೀ ಡ್ರ್ಯಾಗನ್' ಎಂಬ ಹೊಸ ಶೋಧ ವ್ಯವಸ್ಥೆ ಅಳವಡಿಸಿದರು, ವಿಮಾನದ ಕಣ್ಣು ಕಿವಿ ಹೊಸದಾದವು. ಟುಪೊಲೆವ್‌ಗೂ ಅಂಥದನ್ನು ಹಾಕುವ ಮಾತುಕತೆ ನಡೆದಿತ್ತು, ಕೈಗೂಡಲಿಲ್ಲ. ಕಡಲಗಸ್ತಿನ ವಿಮಾನದಲ್ಲಿ ಮೈಗಿಂತ ಬೇಗ ಹಳತಾಗುವುದು ಶೋಧಕ ಉಪಕರಣ. ಜಲಾಂತರ್ಗಾಮಿಗಳು ವರ್ಷದಿಂದ ವರ್ಷಕ್ಕೆ ಸದ್ದು ಕಡಿಮೆ ಮಾಡಿಕೊಳ್ಳುತ್ತ ಬಂದಿವೆ. 1980ರ ದಶಕದ ಕಿವಿಗೆ ಅವು ಕೇಳಿಸದಿದ್ದರೆ ವಿಮಾನ ಎಷ್ಟು ದೂರ ಹಾರಿದರೇನು ಬಂತು?

ಹಾಗಾದರೆ ನೌಕಾಪಡೆಯ ಮುಂದೆ ಏನೇನು ದಾರಿಗಳಿದ್ದವು? ಎಂಟನ್ನೂ ರಷ್ಯಾಕ್ಕೆ ಕಳಿಸಿ ಆಯುಷ್ಯ ವಿಸ್ತರಣೆ ಮಾಡಿಸುವುದು ಒಂದು. ಖರ್ಚು ದೊಡ್ಡದು, ಜೊತೆಗೆ ಓವರ್‌ಹಾಲ್‌ಗೆ ಹೋದ ವಿಮಾನ ತಿಂಗಳುಗಟ್ಟಲೆ ಕೈಗೆ ಸಿಗದೆ ಕಡಲು ಖಾಲಿ ಬೀಳುತ್ತದೆ. ಮೂರು ನಾಲ್ಕನ್ನು ಹಾರಿಸುತ್ತ ಉಳಿದವುಗಳಿಂದ ಭಾಗ ಕಳಚಿ ಹಾಕುವುದು ಇನ್ನೊಂದು. ಮೇಲ್ನೋಟಕ್ಕೆ ಜಾಣತನ, ಒಳಗಿಳಿದರೆ ಅಪಾಯ. ಕಳಚಿ ಹಾಕುವ ಭಾಗಕ್ಕೆ ಎರಡು ಸಲ ಸ್ಪ್ಯಾನರ್ ತಾಗುತ್ತದೆ, ಎರಡು ಸಲ ಸೀಲು ಬದಲಾಗುತ್ತದೆ, ಅದರ ಆಯುಷ್ಯದ ದಾಖಲೆ ಎರಡು ಪುಸ್ತಕಗಳ ನಡುವೆ ಓಡಾಡುತ್ತದೆ. ಎಲ್ಲೋ ಒಂದು ನಮೂದು ತಪ್ಪಿದರೆ ಸಾಕು, ಆಯುಷ್ಯ ಮುಗಿದ ಪಂಪು ಹಾರುವ ವಿಮಾನದಲ್ಲಿ ಕುಳಿತಿರುತ್ತದೆ. ಮೂರನೆಯದು, ಹೊಸದು ಬಂದು ಕೆಲಸ ಕಲಿಯುವವರೆಗೆ ಹಳೆಯದನ್ನು ನಡೆಸಿ ಆಮೇಲೆ ಗೌರವದಿಂದ ನಿಲ್ಲಿಸುವುದು. ನೌಕಾಪಡೆ ಮಾಡಿದ್ದು ಇದನ್ನೇ. 2009ರಲ್ಲಿ ಆರ್ಡರ್ ಮಾಡಿದ ಪಿ-8ಐಗಳಲ್ಲಿ ಮೊದಲನೆಯದು ಅರಕ್ಕೋಣಂಗೆ ಬಂದದ್ದು 2013ರ ಮೇ ತಿಂಗಳಲ್ಲಿ. ನಾಲ್ಕು ವರ್ಷ ಹಳೆಯದೂ ಹೊಸದೂ ಒಂದೇ ನೆಲೆಯಿಂದ ಹಾರಿದವು. ಸಿಬ್ಬಂದಿಯ ಅನುಭವ ಒಂದರಿಂದ ಇನ್ನೊಂದಕ್ಕೆ ದಾಟಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾಗಿ ನಡೆದ ನಿವೃತ್ತಿ.

ಎರಡೇ ಎಂಜಿನ್ ಎಂಬ ಭಯ ಹಳೆಯ ಕಾಲದ್ದು. ಎಂಜಿನ್‌ಗಳು ಆಗಾಗ ನಿಲ್ಲುತ್ತಿದ್ದ ದಿನಗಳಲ್ಲಿ ಕಡಲ ಮೇಲೆ ಹೋಗುವವರಿಗೆ ನಾಲ್ಕು ಬೇಕೇಬೇಕಿತ್ತು. ಪಿ-8ಐಯ ತಾಯಿಬೇರು ಬೋಯಿಂಗ್ 737-800. ಪ್ರಯಾಣಿಕರನ್ನು ಹೊತ್ತ ಆ ವಿಮಾನಕ್ಕೇ, ಒಂದೇ ಎಂಜಿನ್ ಮೇಲೆ 180 ನಿಮಿಷ ದೂರದ ನಿಲ್ದಾಣವನ್ನು ನಂಬಿಕೊಂಡು ಕಡಲು ದಾಟಲು ಅನುಮತಿ ಇದೆ. ಅದರ ಸಿಎಫ್‌ಎಂ56 ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜೆಟ್ ಎಂಜಿನ್‌ಗಳಲ್ಲೊಂದು. ಬಿಡಿಭಾಗಕ್ಕೆ ಒಂದೇ ಕಾರ್ಖಾನೆಯ ಬಾಗಿಲು ಕಾಯಬೇಕಿಲ್ಲ. ಇನ್ನೊಂದು ಮಾತು: ನಾಲ್ಕು ಎಂಜಿನ್‌ನ ಪಿ-3 ಒರಾಯನ್‌ನಂಥ ಗಸ್ತು ವಿಮಾನಗಳು ಇಂಧನ ಉಳಿಸಲು ಕಡಲ ಮೇಲೆ ಒಂದು ಎಂಜಿನ್ ತಾವಾಗಿಯೇ ಆರಿಸಿಕೊಂಡು ಹಾರುವುದು ವಾಡಿಕೆ.

"ಪ್ರಯಾಣಿಕರ ಬೋಯಿಂಗ್" ಎನ್ನುವುದೂ ಅರ್ಧ ಸತ್ಯ. ಹೊಟ್ಟೆಯಡಿ ಟಾರ್ಪಿಡೊ ಇಡುವ ಕೋಣೆ ಇದೆ, ರೆಕ್ಕೆಯ ಕೆಳಗೆ ಕ್ಷಿಪಣಿ ತೂಗುಹಾಕುವ ಕೊಂಡಿಗಳಿವೆ, 120ಕ್ಕೂ ಹೆಚ್ಚು ಸೋನೋಬಾಯ್‌ಗಳು ಹಿಡಿಯುತ್ತವೆ. ಸೋನೋಬಾಯ್ ಎಂದರೆ ಸುಮಾರು ಮೂರಡಿ ಉದ್ದದ ಕೊಳವೆ. ನೀರಿಗೆ ಬಿದ್ದೊಡನೆ ತೇಲುವ ಭಾಗ ಮೇಲೆ ನಿಂತು ಆಂಟೆನಾ ಎತ್ತುತ್ತದೆ, ಮೈಕ್ ತಂತಿಯ ತುದಿಯಲ್ಲಿ ಆಳಕ್ಕಿಳಿದು ಕೇಳಿದ್ದನ್ನು ರೇಡಿಯೋದಲ್ಲಿ ವಿಮಾನಕ್ಕೆ ಕಳಿಸುತ್ತದೆ. ಅಮೆರಿಕದ ಪಿ-8ಎಯಲ್ಲಿ ಇಲ್ಲದ ಒಂದು ಉಪಕರಣ ನಮ್ಮ ಪಿ-8ಐಯ ಬಾಲದಲ್ಲಿದೆ: ಮ್ಯಾಡ್. ನೀರೊಳಗಿನ ಉಕ್ಕಿನ ರಾಶಿಯಿಂದ ಭೂಮಿಯ ಕಾಂತಕ್ಷೇತ್ರದಲ್ಲಾಗುವ ಸಣ್ಣ ಏರುಪೇರನ್ನು ಹಿಡಿಯುವ ಸಾಧನ ಅದು. ಟುಪೊಲೆವ್‌ನಲ್ಲೂ ಇದ್ದದ್ದೇ. ಬಾಲದ ರೆಕ್ಕೆಯ ತುತ್ತತುದಿಯಲ್ಲಿ ಹಿಂದಕ್ಕೆ ಚಾಚಿದ ಕಡ್ಡಿಯಂಥ ಭಾಗ ಅದೇ, ಮಗಳಿಗೆ ತೋರಿಸಿ. ಪಿ-8ಐಯಲ್ಲಿ ಬೆಂಗಳೂರಿನ ಕೈಯೂ ಇದೆ. ನಮ್ಮ ಹಡಗು ವಿಮಾನಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಡೇಟಾ ಲಿಂಕ್-2 ಬಿಇಎಲ್‌ನದು, ಶಸ್ತ್ರಕೋಣೆಯ ಬಾಗಿಲು ಎಚ್‌ಎಎಲ್‌ನದು.

ಕಳೆದುಕೊಂಡದ್ದೂ ಇದೆ, ಮುಚ್ಚಿಡಬಾರದು. ಟುಪೊಲೆವ್ ಹನ್ನೆರಡು ಗಂಟೆಗೂ ಮೀರಿ ಆಕಾಶದಲ್ಲಿರಬಲ್ಲದು, ಒಂದೇ ಹಾರಾಟದಲ್ಲಿ 12,000 ಕಿಲೋಮೀಟರ್ ಮುಟ್ಟಬಲ್ಲದು. ಪಿ-8 ನೆಲೆಯಿಂದ ಸುಮಾರು 2,200 ಕಿಲೋಮೀಟರ್ ದೂರ ಹೋಗಿ, ಅಲ್ಲಿ ನಾಲ್ಕು ಗಂಟೆ ಕೆಲಸ ಮಾಡಿ ಮರಳುವ ವಿಮಾನ. ಬಹಳ ಹೊತ್ತು ಕಾವಲು ಕೂರುವ ಆ ಒಂದು ಗುಣವನ್ನು ಈಗ ಮೂವತ್ತು ಗಂಟೆ ಮೀರಿ ಹಾರಬಲ್ಲ ಎಂಕ್ಯೂ-9ಬಿ ಡ್ರೋನ್‌ಗಳಿಂದ ತುಂಬಿಕೊಳ್ಳುತ್ತಿದ್ದಾರೆ. ಅವೂ ಅರಕ್ಕೋಣಂನಿಂದಲೇ ಹಾರಲು ತೊಡಗಿದವು.

ಇನ್ನು ಕಾರವಾರದ ಉಪ್ಪು. ಮೊದಲು ಸಮಾಧಾನದ ಮಾತು: ವಿಮಾನದ ಮೈ ಹೆಚ್ಚಿನಂಶ ಅಲ್ಯೂಮಿನಿಯಂ, ನಿಮ್ಮ ಗೇಟಿನ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದಕ್ಕೆ ತನ್ನದೇ ಬಿಳಿ ತುಕ್ಕಿದೆ, ಅದು ಒಳಗಿಂದ ತಿನ್ನುತ್ತದೆ. ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ತಾನಾಗಿ ನೀರಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒಸರುವುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಕಾರವಾರದಲ್ಲಿ ಬೇಸಿಗೆಯ ರಾತ್ರಿಯೂ ಅಷ್ಟು ತೇವವಿರುತ್ತದೆ. ಅಂದರೆ ಮಳೆ ಇಲ್ಲದಿದ್ದರೂ ವಿಮಾನದ ಮೈಮೇಲಿನ ಉಪ್ಪು ರಾತ್ರಿ ನೀರಾಗಿ ಬೆಳಿಗ್ಗೆ ಒಣಗುತ್ತಿರುತ್ತದೆ. ಅಲ್ಯೂಮಿನಿಯಂ ಹಾಳೆಯನ್ನು ಉಕ್ಕಿನ ಬೋಲ್ಟ್ ಹಿಡಿದಿರುವಲ್ಲಿ ಆ ಉಪ್ಪುನೀರು ಬ್ಯಾಟರಿಯ ದ್ರಾವಣದಂತೆ ಕೆಲಸ ಮಾಡಿ, ಅಲ್ಯೂಮಿನಿಯಂ ಕರಗತೊಡಗುತ್ತದೆ. ರಸ್ತೆಯಲ್ಲಿ ಸಾಗಿಸಲು ಕಳಚಿ ಮತ್ತೆ ಜೋಡಿಸಿದ ವಿಮಾನದಲ್ಲಿ ಇನ್ನೂ ಎಚ್ಚರ ಬೇಕು, ಜೋಡಣೆಯ ಅಂಚುಗಳಲ್ಲಿ ಕಾರ್ಖಾನೆಯ ರಕ್ಷಣಾ ಲೇಪ ಹರಿದಿರುತ್ತದೆ.

ಎಲ್ಲಿ ಮೊದಲು ಹಾಳಾಗುತ್ತದೆ? ಮೇಲ್ಮೈಯಲ್ಲಿ ಅಲ್ಲ. ಅಲ್ಲಿ ಮಳೆಯೇ ಉಪ್ಪು ತೊಳೆಯುತ್ತದೆ. ಹಾಳಾಗುವುದು ಮಳೆ ತಾಗದ ಕಡೆ: ರೆಕ್ಕೆಯ ಅಡಿ, ಚಕ್ರದ ಕೋಣೆ, ಹೊಟ್ಟೆಯ ತಳ. ಹೊಟ್ಟೆಯ ತಳದಲ್ಲಿ ನೀರು ಬಸಿಯಲು ಸಣ್ಣ ತೂತುಗಳಿರುತ್ತವೆ. ಕಣಜ ಮಣ್ಣು ಮೆತ್ತಿ ಅವನ್ನು ಮುಚ್ಚಿದರೆ ಒಳಗೆ ನೀರು ನಿಂತು, ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ಚೌಕಟ್ಟು ಪುಡಿಯಾಗಿರುತ್ತದೆ. ಪಾರಿವಾಳದ ಹಿಕ್ಕೆಯೂ ಕಡಿಮೆ ಶತ್ರುವಲ್ಲ.

ಆರೈಕೆ ಕಷ್ಟವಲ್ಲ, ತಪ್ಪದೆ ಮಾಡಬೇಕಷ್ಟೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನ ತೊಳೆತ. ಕಡಲ ಬದಿಯ ಬೋರ್‌ವೆಲ್ ನೀರು ಸವುಳಾಗಿರಬಹುದು, ಉಪ್ಪಿನಂಶ ಪರೀಕ್ಷಿಸದೆ ಬಳಸಿದರೆ ತೊಳೆದಷ್ಟೂ ಕೇಡು. ಸೌಮ್ಯ ಸಾಬೂನನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ಬರಿ ನೀರನ್ನು ಮೇಲಿನಿಂದ ಕೆಳಕ್ಕೆ ಹಾಯಿಸಬೇಕು. ಹೈ ಪ್ರೆಶರ್ ಪಂಪು ಬೇಡ, ಅದು ಉಪ್ಪನ್ನು ಸಂದಿಯೊಳಕ್ಕೆ ನುಗ್ಗಿಸುತ್ತದೆ. ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಅಕ್ಟೋಬರ್‌ನಲ್ಲೊಮ್ಮೆ ಬಸಿತೂತುಗಳನ್ನೆಲ್ಲ ನೈಲಾನ್ ಕಡ್ಡಿಯಿಂದ ಬಿಡಿಸಬೇಕು. ಬಿಳಿ ಪುಡಿ ಕಂಡಲ್ಲಿ ನೈಲಾನ್ ಪ್ಯಾಡ್‌ನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಪಾಲಿಯುರಿಥೇನ್ ಬಣ್ಣ ಕೊಡಬೇಕು. ತಂತಿ ಬ್ರಶ್ ಅಥವಾ ಸ್ಟೀಲ್ ಉಲ್ ಮುಟ್ಟಿಸಲೇಬಾರದು, ಕಬ್ಬಿಣದ ಚೂರು ಅಲ್ಯೂಮಿನಿಯಂನಲ್ಲಿ ಹೂತು ಹೊಸ ತುಕ್ಕಿಗೆ ಬೀಜವಾಗುತ್ತದೆ. ಕಾಕ್‌ಪಿಟ್ ಗಾಜಿಗೆ ಥಿನ್ನರ್ ತಾಗಿದರೆ ಜೇಡರ ಬಲೆಯಂಥ ಬಿರುಕು ಬೀಳುತ್ತದೆ. ಪ್ರೊಪೆಲ್ಲರ್ ಗಾಳಿಗೆ ತಿರುಗದಂತೆ ಬಿಗಿದಿರಬೇಕು. 50 ಮೀಟರ್ ಅಗಲದ ರೆಕ್ಕೆ ಬಿರುಗಾಳಿಯಲ್ಲಿ ಇವತ್ತಿಗೂ ಮೇಲೇಳಲು ನೋಡುತ್ತದೆ, ಆದ್ದರಿಂದ ಭಾರ ಟೈರಿನ ಮೇಲಲ್ಲ, ನೆಲಕ್ಕೆ ಬಿಗಿದ ಆಸರೆಯ ಮೇಲಿರಬೇಕು.

ಮಾಡು ಕಟ್ಟಿದರೆ ಆಗದೇ ಎಂದು ನೀವು ಕೇಳಬಹುದು. ಬರಿ ಮಾಡು ಬಿಸಿಲು ತಡೆಯುತ್ತದೆ, ಬಣ್ಣ ಹೆಚ್ಚು ಬಾಳುತ್ತದೆ. ಆದರೆ ಮಳೆಯ ತೊಳೆತವೂ ನಿಂತು, ಇಡೀ ವಿಮಾನ ರೆಕ್ಕೆಯ ಅಡಿಯಂತಾಗುತ್ತದೆ. ಆಗ ಕೈತೊಳೆತ ದುಪ್ಪಟ್ಟು ಬೇಕು. ಮುಚ್ಚಿದ ಹ್ಯಾಂಗರ್ ಕಟ್ಟಿ ತೇವ ಶೇಕಡಾ 50ರ ಕೆಳಗಿಡುವುದು ಎಲ್ಲಕ್ಕಿಂತ ಒಳ್ಳೆಯದು. 53 ಮೀಟರ್ ಉದ್ದ, 50 ಮೀಟರ್ ಅಗಲದ ಕಟ್ಟಡ ಮತ್ತು ಅದರ ಕರೆಂಟ್ ಬಿಲ್ಲು ದೊಡ್ಡ ಮಾತು. ನಡುವಿನ ದಾರಿಯೊಂದಿದೆ: ವಿಮಾನದ ಒಡಲನ್ನು ಮಾತ್ರ ಸೀಲ್ ಮಾಡಿ ಒಳಗೆ ಒಣಗಾಳಿ ಹಾಯಿಸುವುದು. ಖರ್ಚು ಕಡಿಮೆ, ಒಳಗಿನ ಉಪಕರಣಗಳೂ ಚೌಕಟ್ಟೂ ಉಳಿಯುತ್ತವೆ. ಜನ ಒಳಹೊಕ್ಕು ಬರುವ ಬಾಗಿಲಿಗೆ ಎರಡು ಹಂತದ ಕದ ಇರಬೇಕು, ಇಲ್ಲದಿದ್ದರೆ ಒಣಗಾಳಿ ಉಳಿಯದು. ನನ್ನನ್ನು ಕೇಳಿದರೆ ಇದೇ ಆಯ್ಕೆ, ಜೊತೆಗೆ ಐದಾರು ವರ್ಷಕ್ಕೊಮ್ಮೆ ಪೂರ್ತಿ ಬಣ್ಣ. ತಪ್ಪದೆ ಮಾಡಿದರೆ ನಿಮ್ಮ ಮೊಮ್ಮಕ್ಕಳೂ ನೋಡಬಹುದು. ಬಿಟ್ಟರೆ ಹತ್ತು ಹದಿನೈದು ಮಳೆಗಾಲದಲ್ಲಿ ಹತ್ತಿರ ಹೋಗುವುದೇ ಅಪಾಯವಾದೀತು.

ಮುಂದಿನ ಸಲ ಅಕ್ಟೋಬರ್‌ನಲ್ಲಿ ಹೋಗಿ. ಮೂಗಿನ ಬಳಿ ಸೆಲ್ಫಿ ಮುಗಿದ ಮೇಲೆ, ಬೇಲಿಯ ಈಚೆಯಿಂದಲೇ ರೆಕ್ಕೆಯ ಅಡಿಗೆ ಕಣ್ಣು ಹಾಯಿಸಲಿ ಮಗಳು. ರಿವೆಟ್ ತಲೆಯ ಸುತ್ತ ಬಿಳಿ ಪುಡಿಯ ಉಂಗುರ ಇದೆಯೇ, ಬಣ್ಣದಡಿ ಎರೆಹುಳು ಹರಿದಂಥ ಗೆರೆ ಇದೆಯೇ, ಎರಡು ರಿವೆಟ್‌ಗಳ ನಡುವೆ ತಗಡು ದಿಂಬಿನಂತೆ ಉಬ್ಬಿದೆಯೇ. ಮೊದಲ ಎರಡಕ್ಕೆ ಪ್ಯಾಡು, ಪ್ರೈಮರ್ ಸಾಕು. ಮೂರನೆಯದು ಕಂಡರೆ ಒಳಪದರ ಆಗಲೇ ಬಿರಿದಿದೆ ಎಂದು ಅರ್ಥ. ಫೋಟೋ ತೆಗೆದು, ದಿನಾಂಕ ಬರೆದು ಅಲ್ಲಿನ ಮೇಲ್ವಿಚಾರಕರ ಕೈಗೆ ಕೊಡಿ. ಪ್ರತಿ ವರ್ಷ ಅದೇ ಜಾಗದಿಂದ ತೆಗೆದ ಫೋಟೋ ಅವರಿಗೂ ಕೆಲಸಕ್ಕೆ ಬರುತ್ತದೆ.